ಎಲುಬಿನ ಮಜ್ಜೆಯೂ ರೋಗಿಯ ಪಥ್ಯವೂ



'ಪಥ್ಯ' ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಜ್ವರ ಬಂದವನಿಗೆ ಒಂದು ಪಥ್ಯ, ಬಾಣಂತಿಗೆ ಒಂದು ಪಥ್ಯ, ಕಾಮಾಲೆಗೆ ಇನ್ನೊಂದು ಪಥ್ಯ ಎಂದು ನಮ್ಮ ಹಿರಿಯರು ಒಂದೊಂದಕ್ಕೂ ಒಂದೊಂದು ಕ್ರಮವನ್ನು ಇಟ್ಟುಕೊಂಡಿದ್ದರು. ಆದರೆ ಬಳಕೆಯಲ್ಲಿ ಆ ಮಾತಿನ ಅರ್ಥವು ಬರಬರುತ್ತ ಕುಗ್ಗಿ, ಪಥ್ಯವೆಂದರೆ ಬಿಡುವುದು ಎಂದಷ್ಟೇ ಆಗಿಬಿಟ್ಟಿದೆ. ಹುಳಿ ಬಿಡು, ಎಣ್ಣೆ ಬಿಡು, ಹಾಲು ಬಿಡು ಎಂದು ಒಂದೊಂದನ್ನಾಗಿ ಬಿಡಿಸುತ್ತ ಹೋದರೆ ಕಡೆಗೆ ರೋಗಿಯ ಮುಂದೆ ಉಳಿಯುವುದು ಗಂಜಿಯ ತಿಳಿಯೊಂದೇ. ಈ ಪಾಠದಲ್ಲಿ ನಾವು ವಿಚಾರಿಸಹೊರಟಿರುವ ರೋಗಿಗೆ ಅಂತಹ ಪಥ್ಯವು ಹಿತವಲ್ಲ, ಅಪಾಯಕರವೇ ಸರಿ.

ಅರ್ಬುದ ರೋಗವನ್ನು ಈಗ ಎಲ್ಲರೂ ಕ್ಯಾನ್ಸರ್ ಎಂದೇ ಕರೆಯುತ್ತಾರೆ. ನಮ್ಮ ಕಾಸರಗೋಡು ಸೀಮೆಯಿಂದ ಆ ರೋಗದ ಚಿಕಿತ್ಸೆಗಾಗಿ ಜನರು ಮಂಗಳೂರಿಗೂ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ತಿರುವನಂತಪುರಕ್ಕೂ ಬೆಂಗಳೂರಿಗೂ ಹೋಗಿಬರುತ್ತಿರುತ್ತಾರೆ. ಔಷಧಿಯನ್ನು ರಕ್ತನಾಳದ ಮೂಲಕ ಏರಿಸುವ ಕೆಲಸವು ಅನೇಕ ವೇಳೆ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಅನಂತರ ರೋಗಿಯು ಮನೆಗೆ ಮರಳುತ್ತಾನೆ. ಮುಂದಿನ ಸರದಿಯವರೆಗಿನ ಎರಡು ಮೂರು ವಾರಗಳನ್ನು ಆತನು ಕಳೆಯುವುದು ನಮ್ಮ ನಿಮ್ಮ ಮನೆಗಳಲ್ಲಿ. ಆದುದರಿಂದ ಆ ದಿನಗಳಲ್ಲಿ ಅಡಿಗೆಮನೆಯು ಆಸ್ಪತ್ರೆಯ ಒಂದು ಭಾಗವಾಗುತ್ತದೆ. ಆಸ್ಪತ್ರೆಯವರು ಕೊಡುವ ಸೂಚನೆಯ ಚೀಟಿಯಾದರೋ ಬಹುಮಟ್ಟಿಗೆ ಮಲೆಯಾಳದಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಅಜ್ಜ ಅಜ್ಜಿಯರಿಗೆ ಓದಿ ಹೇಳುವ ಭಾರವು ಶಾಲೆಗೆ ಹೋಗುವ ಮಕ್ಕಳ ಮೇಲೆ ಬೀಳುವುದುಂಟು. ಓದಿ ಹೇಳುವವರಿಗೆ ಅದರ ಒಳಗಿನ ಕಾರಣಗಳೂ ತಿಳಿದಿರಲಿ ಎಂಬುದೇ ಈ ಲೇಖನದ ಉದ್ದೇಶ.

೧. ಮಜ್ಜೆಯ ಕೆಲಸ

ಎಲುಬು ಕಲ್ಲಿನಂತೆ ನಿರ್ಜೀವವಾದ ವಸ್ತುವಲ್ಲ. ಅದರ ಒಳಭಾಗದಲ್ಲಿ ಮೃದುವಾದ ಮಜ್ಜೆಯಿರುತ್ತದೆ. ಪ್ರಾಯಕ್ಕೆ ಬಂದವರಲ್ಲಿ ಸೊಂಟ, ಬೆನ್ನೆಲುಬು, ಎದೆಯೆಲುಬು, ಪಕ್ಕೆಲುಬು ಮೊದಲಾದವುಗಳ ಕೆಂಪು ಮಜ್ಜೆಯೇ ರಕ್ತಕಣಗಳು ಹುಟ್ಟುವ ಸ್ಥಾನ. ಅಲ್ಲಿ ಮೂರು ಬಗೆಯ ಕಣಗಳು ತಯಾರಾಗುತ್ತವೆ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುವ ಕೆಂಪುಕಣಗಳು ಮೊದಲನೆಯವು. ರೋಗಾಣುಗಳೊಡನೆ ಹೋರಾಡುವ ಬಿಳಿಕಣಗಳು ಎರಡನೆಯವು. ಗಾಯವಾದಾಗ ರಕ್ತವು ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳೆಂಬ ಸಣ್ಣ ತುಣುಕುಗಳು ಮೂರನೆಯವು.

ಈ ಕಣಗಳ ಆಯುಸ್ಸು ಒಂದೇ ಸಮನಾಗಿಲ್ಲ. ಕೆಂಪುಕಣವು ಸುಮಾರು ೧೨೦ ದಿನ ಬಾಳುತ್ತದೆ. ಪ್ಲೇಟ್‌ಲೆಟ್ ಬಾಳುವುದು ೮ರಿಂದ ೧೦ ದಿನ. ಬಿಳಿಕಣಗಳಲ್ಲಿ ನ್ಯೂಟ್ರೊಫಿಲ್ ಎಂಬ ಜಾತಿಯದು ರಕ್ತದಲ್ಲಿ ಸಂಚರಿಸುವುದು ಒಂದು ದಿನದ ಆಸುಪಾಸು ಮಾತ್ರ. ಹೀಗೆ ಸತ್ತುಹೋಗುವ ಕಣಗಳ ಸ್ಥಾನವನ್ನು ತುಂಬುವುದಕ್ಕಾಗಿ ಮಜ್ಜೆಯು ಹಗಲಿರುಳು ದುಡಿಯುತ್ತಲೇ ಇರಬೇಕು. ಪ್ರತಿಯೊಂದು ಸೆಕೆಂಡಿನಲ್ಲಿಯೂ ಸುಮಾರು ೨೦ ಲಕ್ಷ ಕೆಂಪುಕಣಗಳು ಹೊಸದಾಗಿ ಹುಟ್ಟುತ್ತವೆಂದರೆ ಆ ದುಡಿಮೆಯ ಪ್ರಮಾಣವನ್ನು ನೀವೇ ಊಹಿಸಿಕೊಳ್ಳಬಹುದು.

೨. ಔಷಧಿಯು ಮಜ್ಜೆಯನ್ನು ತಾಗುವುದೇಕೆ?

ಕ್ಯಾನ್ಸರ್ ಎಂದರೆ ಮೈಯ ಜೀವಕೋಶಗಳು ಅಂಕೆ ತಪ್ಪಿ ಬೆಳೆಯುವುದು. ಕಿಮೊಥೆರಪಿ ಎಂದು ಕರೆಯಲಾಗುವ ಔಷಧಿಗಳಲ್ಲಿ ಬಹಳಷ್ಟು ಇಂತಹ ವೇಗವಾಗಿ ಇಬ್ಭಾಗವಾಗುವ ಕೋಶಗಳನ್ನು ಹುಡುಕಿ ಹೊಡೆಯುತ್ತವೆ. ಆದರೆ ಔಷಧಿಗೆ ಒಳ್ಳೆಯವನಾರು, ಕೆಟ್ಟವನಾರು ಎಂಬ ವಿವೇಕ ಪೂರ್ಣವಾಗಿರುವುದಿಲ್ಲ. ಗದ್ದೆಯ ಕಳೆಯನ್ನು ಕೀಳುವಾಗ ಪಕ್ಕದ ಪೈರಿನ ಬೇರೂ ಅಲುಗುವಂತೆ, ಮೈಯಲ್ಲಿ ಸಹಜವಾಗಿಯೇ ಬೇಗ ಬೆಳೆಯುವ ಕೋಶಗಳಿಗೂ ಅದರ ಪೆಟ್ಟು ತಾಗುತ್ತದೆ. ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪೊರೆ, ಎಲುಬಿನ ಮಜ್ಜೆ, ಇವು ಅಂತಹವು. ಕೂದಲು ಉದುರುವುದೂ ಬಾಯಿ ಹುಣ್ಣಾಗುವುದೂ ರಕ್ತಕಣಗಳು ಇಳಿಯುವುದೂ ಒಂದೇ ಕಾರಣದ ಮೂರು ಫಲಗಳು.

ಬಿಳಿಕಣಗಳ ಆಯುಸ್ಸು ಕಡಿಮೆಯಾದುದರಿಂದ ಮೊದಲು ಇಳಿಯುವವು ಅವೇ. ಅನೇಕ ಔಷಧಿಗಳಲ್ಲಿ, ಔಷಧಿ ಕೊಟ್ಟ ೭ರಿಂದ ೧೪ ದಿನಗಳ ನಡುವೆ ಅವು ತೀರ ಕೆಳಮಟ್ಟಕ್ಕೆ ಬಂದು, ಮೂರು ನಾಲ್ಕು ವಾರಗಳೊಳಗಾಗಿ ಮತ್ತೆ ಏರುತ್ತವೆ. ಎಷ್ಟೋ ಚಿಕಿತ್ಸೆಗಳಲ್ಲಿ ೨೧ ದಿನಗಳಿಗೊಂದು ಸರದಿಯನ್ನು ಇಟ್ಟಿರುವುದರ ಗುಟ್ಟು ಇದೇ: ಮಜ್ಜೆಗೆ ಚೇತರಿಸಿಕೊಳ್ಳಲು ಬಿಡುವು ಬೇಕು. ಸರದಿಯ ದಿನಕ್ಕೆ ಕಣಗಳು ಏರದಿದ್ದರೆ ವೈದ್ಯರು ಔಷಧಿಯನ್ನು ಮುಂದೂಡಬೇಕಾಗುತ್ತದೆ, ಇಲ್ಲವೆ ಅದರ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

ರಕ್ತಪರೀಕ್ಷೆಯ ಚೀಟಿಯನ್ನು ಓದುವ ಬಗೆಯನ್ನು ಈಗ ತಿಳಿಯೋಣ. ಒಟ್ಟು ಬಿಳಿಕಣಗಳು ಆರೋಗ್ಯವಂತನ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸುಮಾರು ೪,೦೦೦ದಿಂದ ೧೧,೦೦೦ದವರೆಗೆ ಇರುತ್ತವೆ. ಅವುಗಳಲ್ಲಿ ನ್ಯೂಟ್ರೊಫಿಲ್‌ಗಳ ಸಂಖ್ಯೆ ೧,೫೦೦ಕ್ಕಿಂತ ಕಡಿಮೆಯಾದರೆ ಕೊರತೆಯೆಂದೂ, ೫೦೦ಕ್ಕಿಂತ ಕೆಳಗಿಳಿದರೆ ತೀವ್ರವಾದ ಕೊರತೆಯೆಂದೂ ಎಣಿಸುತ್ತಾರೆ. ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರತಕ್ಕವು. ೫೦,೦೦೦ಕ್ಕಿಂತ ಕೆಳಗಾದರೆ ಸಣ್ಣ ಪೆಟ್ಟಿಗೂ ರಕ್ತ ಸುರಿಯಬಹುದು. ೧೦,೦೦೦ಕ್ಕಿಂತ ಕಡಿಮೆಯಾದರೆ ಪೆಟ್ಟಿಲ್ಲದೆಯೂ ರಕ್ತಸ್ರಾವವಾಗುವ ಭಯವಿರುವುದರಿಂದ ಸಾಮಾನ್ಯವಾಗಿ ಹೊರಗಿನಿಂದ ಪ್ಲೇಟ್‌ಲೆಟ್ ಏರಿಸುತ್ತಾರೆ.

೩. ಸೊಪ್ಪಿನಿಂದ ಔಷಧಿಗೆ

ಆಹಾರಕ್ಕೂ ಮಜ್ಜೆಗೂ ಇರುವ ಸಂಬಂಧವು ತಿಳಿದುಬಂದ ಇತಿಹಾಸದಲ್ಲಿ ನಮ್ಮ ದೇಶಕ್ಕೂ ಪಾಲಿದೆ. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಿಗೆ ಒಂದು ವಿಧದ ಕಠಿನವಾದ ರಕ್ತಹೀನತೆ ಬರುತ್ತಿದ್ದಿತು. ಅದರ ಮೂಲವನ್ನು ಹುಡುಕುವುದು ಅವರ ಕೆಲಸವಾಗಿತ್ತು. ನೀಲಗಿರಿಯ ಕೂನೂರಿನ ಪಾಸ್ಚರ್ ಸಂಸ್ಥೆಯಲ್ಲಿಯೂ ಕೆಲವು ಕಾಲ ಅವರು ಪ್ರಯೋಗಗಳನ್ನು ನಡೆಸಿದರು. ಆ ಸ್ತ್ರೀಯರ ಊಟದಲ್ಲಿ ಯಾವುದೋ ಒಂದು ಅಂಶದ ಕೊರತೆಯಿರುವುದೆಂದೂ, ಯೀಸ್ಟಿನ ಸಾರವನ್ನು ಕೊಟ್ಟರೆ ರಕ್ತವು ಸುಧಾರಿಸುವುದೆಂದೂ ೧೯೩೧ರಲ್ಲಿ ಅವರು ಪ್ರಕಟಿಸಿದರು. ಮುಂದೆ ೧೯೪೧ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ವಿಲ್ಸ್ ಅವರು ಕಂಡ ಅಂಶವೂ ಇದೇ ವರ್ಗಕ್ಕೆ ಸೇರಿದುದು. ಇದಿಲ್ಲದೆ ಮಜ್ಜೆಯ ಕೋಶಗಳು ಇಬ್ಭಾಗವಾಗಲಾರವು.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಮಜ್ಜೆಗೆ ಬೇಕಾದ ಫೋಲಿಕ್ ಆಮ್ಲವು ರಕ್ತದ ಕ್ಯಾನ್ಸರ್ ಕೋಶಗಳಿಗೂ ಬೇಕು. ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು, ಆ ಆಮ್ಲವನ್ನು ಹೋಲುವ ಆದರೆ ಅದರ ಕೆಲಸವನ್ನು ತಡೆಯುವ ವಸ್ತುವನ್ನು ಕೊಟ್ಟರೆ ಹೇಗೆಂದು ಯೋಚಿಸಿದರು. ಅಂತಹ ವಸ್ತುವನ್ನು ಅವರಿಗೆ ಒದಗಿಸಿದ್ದು ಲೆಡರ್ಲಿ ಪ್ರಯೋಗಶಾಲೆ. ಅಲ್ಲಿಯ ಸಂಶೋಧನೆಯ ಮುಂದಾಳಾಗಿದ್ದವರು ೧೮೯೫ರಲ್ಲಿ ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ೧೯೪೮ರಲ್ಲಿ ಫಾರ್ಬರ್ ಅವರು ಪ್ರಕಟಿಸಿದ ವರದಿಯಂತೆ, ಔಷಧಿ ಪಡೆದ ೧೬ ಮಕ್ಕಳ ಪೈಕಿ ೧೦ ಮಕ್ಕಳಲ್ಲಿ ರೋಗವು ತಾತ್ಕಾಲಿಕವಾಗಿ ಹಿಂಜರಿದಿತ್ತು. ಇಂದಿನ ಕಿಮೊಥೆರಪಿಯ ಆರಂಭದ ಹೆಜ್ಜೆಗಳಲ್ಲಿ ಅದೊಂದು. ಈಗಲೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಅದೇ ಕುಲದ ಔಷಧಿ.

ಈ ಕಥೆಯಿಂದ ನಮಗೊಂದು ಪಾಠವುಂಟು. ರಕ್ತ ಕಡಿಮೆಯಾಗಿದೆಯೆಂದು ಅಂಗಡಿಯಿಂದ ಫೋಲಿಕ್ ಆಮ್ಲದ ಗುಳಿಗೆಯನ್ನು ತಂದು ನುಂಗಿಸಿದರೆ, ಕೆಲವು ಔಷಧಿಗಳ ಕೆಲಸಕ್ಕೆ ನಾವೇ ಅಡ್ಡಿಪಡಿಸಿದಂತಾಗಬಹುದು. ಪೆಮೆಟ್ರೆಕ್ಸೆಡ್ ಎಂಬ ಇನ್ನೊಂದು ಔಷಧಿಯ ಜೊತೆಯಲ್ಲಾದರೋ ವೈದ್ಯರೇ ಆ ಗುಳಿಗೆಯನ್ನು ತಪ್ಪದೆ ಕೊಡುತ್ತಾರೆ. ಒಂದೇ ಗುಳಿಗೆಯು ಒಬ್ಬನಿಗೆ ಬೇಕಾದುದು, ಮತ್ತೊಬ್ಬನಿಗೆ ಬೇಡವಾದುದು. ಊಟದಲ್ಲಿನ ಬೇಯಿಸಿದ ಸೊಪ್ಪು ಬೇಳೆಗಳಿಗೆ ಈ ಭಯವಿಲ್ಲ. ಗುಳಿಗೆಯನ್ನು ಮಾತ್ರ ಕೇಳದೆ ಕೊಡಬಾರದು.

೪. ಎಷ್ಟು ಉಣ್ಣಬೇಕು?

ಕಟ್ಟಡ ಕಟ್ಟುವವನಿಗೆ ಕಲ್ಲು ಸುಣ್ಣಗಳು ಬೇಕಾದಂತೆ, ಹೊಸ ಕಣಗಳನ್ನು ಕಟ್ಟುವ ಮಜ್ಜೆಗೆ ಸಾಮಗ್ರಿ ಬೇಕು. ಶಕ್ತಿ, ಪ್ರೋಟೀನು, ಕಬ್ಬಿಣ, ಫೋಲಿಕ್ ಆಮ್ಲ, ಬಿ೧೨ ಜೀವಸತ್ತ್ವ, ತಾಮ್ರ ಇವು ಮುಖ್ಯವಾದವು. ಆಹಾರವು ಔಷಧಿಯ ಪೆಟ್ಟನ್ನು ತಡೆಯಲಾರದು. ಪೆಟ್ಟು ತಿಂದ ಮಜ್ಜೆಯು ಏಳುವಾಗ ಕೈಕೊಡಬಲ್ಲುದು. ಹಸಿದ ಮೈಯಲ್ಲಿ ಸ್ನಾಯುಗಳು ಕರಗುತ್ತವೆ, ಸೋಂಕು ಬೇಗ ತಗಲುತ್ತದೆ, ಗಾಯ ಮಾಯುವುದು ತಡವಾಗುತ್ತದೆ, ಚಿಕಿತ್ಸೆಯನ್ನು ತಾಳುವ ಶಕ್ತಿ ಕುಂದುತ್ತದೆ.

ಸಕ್ಕರೆ ಅನ್ನಗಳನ್ನು ಬಿಟ್ಟರೆ ಕ್ಯಾನ್ಸರ್ ಕೋಶಗಳು ಹಸಿದು ಸಾಯುವುವು ಎಂಬ ಮಾತೊಂದು ಊರೆಲ್ಲ ಹರಡಿದೆ. ಇದು ಸರಿಯಲ್ಲ. ಊಟ ಬಿಟ್ಟಾಗ ಮೈಯು ತನ್ನ ಸ್ನಾಯುಗಳನ್ನೇ ಕರಗಿಸಿ ರಕ್ತದಲ್ಲಿ ಸಕ್ಕರೆಯನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ಸೊರಗುವವನು ರೋಗಿಯೇ ಹೊರತು ರೋಗವಲ್ಲ. ಮಧುಮೇಹವಿರುವವರು ಮಾತ್ರ ತಮ್ಮ ವೈದ್ಯರು ಹೇಳಿದಂತೆ ಸಕ್ಕರೆಯ ಲೆಕ್ಕವನ್ನಿಡತಕ್ಕದ್ದು.

ಕ್ಯಾನ್ಸರ್ ರೋಗಿಗೆ ದಿನವೊಂದಕ್ಕೆ, ದೇಹದ ತೂಕದ ಪ್ರತಿ ಕಿಲೊಗ್ರಾಮಿಗೆ ೨೫ರಿಂದ ೩೦ ಕ್ಯಾಲೊರಿ ಶಕ್ತಿಯೂ, ಒಂದು ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಮಿನವರೆಗೆ ಪ್ರೋಟೀನೂ ಬೇಕೆಂದು ಆಹಾರತಜ್ಞರು ಹೇಳುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ. ಅದನ್ನು ವೈದ್ಯರೇ ಹೇಳಬೇಕು. ೫೦ ಕಿಲೊ ತೂಗುವ ಒಬ್ಬ ತಾಯಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಆಕೆಗೆ ಸುಮಾರು ೧,೫೦೦ ಕ್ಯಾಲೊರಿಯೂ ೬೦ ಗ್ರಾಮಿನಷ್ಟು ಪ್ರೋಟೀನೂ ದೊರೆಯಬೇಕು. ನಮ್ಮ ಮನೆಯ ಪದಾರ್ಥಗಳಿಂದಲೇ ಅದನ್ನು ಹೊಂದಿಸಬಹುದು:

ಕುಚ್ಚಲಕ್ಕಿ ೧೫೦ ಗ್ರಾಮಿನಿಂದ ೧೧ ಗ್ರಾಮು ಪ್ರೋಟೀನು;
ತೊಗರಿ ಅಥವಾ ಹೆಸರುಬೇಳೆ ೬೦ ಗ್ರಾಮಿನಿಂದ ೧೩ ಗ್ರಾಮು;
ಪೂರ್ತಿ ಬೆಂದ ಎರಡು ಮೊಟ್ಟೆಗಳಿಂದ ೧೨ ಗ್ರಾಮು;
ಕಾಯಿಸಿದ ಹಾಲು ಎರಡು ಲೋಟ, ಎಂದರೆ ೪೦೦ ಮಿಲಿಲೀಟರಿನಿಂದ ೧೩ ಗ್ರಾಮು;
ಹುರಿದು ಪುಡಿಮಾಡಿದ ನೆಲಗಡಲೆ ೩೦ ಗ್ರಾಮಿನಿಂದ ೭ ಗ್ರಾಮು;
ರಾಗಿ ೩೦ ಗ್ರಾಮಿನಿಂದ ೨ ಗ್ರಾಮು.

ಇವೆಲ್ಲ ಸುಮಾರು ಲೆಕ್ಕಗಳು. ಕೂಡಿಸಿದರೆ ೫೮ ಗ್ರಾಮಾಗುತ್ತದೆ. ಇದಕ್ಕೆ ಎರಡು ಚಮಚ ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಸೇರಿಸಿ, ಒಂದು ಬಾಳೆಹಣ್ಣನ್ನು ಕೊಟ್ಟರೆ ಶಕ್ತಿಯ ಲೆಕ್ಕವೂ ತುಂಬುತ್ತದೆ. ಮೀನು ತಿನ್ನುವವರು ೧೦೦ ಗ್ರಾಮು ಬಂಗುಡೆಯನ್ನೋ ಬೂತಾಯಿಯನ್ನೋ ಚೆನ್ನಾಗಿ ಬೇಯಿಸಿ ಕೊಟ್ಟರೆ ಅದರಿಂದಲೇ ೧೮ ಗ್ರಾಮಿನಷ್ಟು ಪ್ರೋಟೀನು ಸಿಗುತ್ತದೆ. ಮೊಟ್ಟೆಯನ್ನೂ ಮುಟ್ಟದ ಮನೆಗಳಲ್ಲಿ ಅದರ ಬದಲಿಗೆ ೩೦ ಗ್ರಾಮು ಬೇಳೆಯನ್ನೂ ಒಂದು ಲೋಟ ಹಾಲನ್ನೂ ಹೆಚ್ಚಿಸಬಹುದು. ಗಂಜಿಯ ತಿಳಿಯೊಂದನ್ನೇ ಕೊಟ್ಟರೆ ಹೊಟ್ಟೆ ತುಂಬುವುದು ನೀರಿನಿಂದ. ಅದೇ ಗಂಜಿಗೆ ಹೆಸರುಬೇಳೆಯನ್ನು ಹಾಕಿ ಬೇಯಿಸಿ, ಮೇಲೊಂದು ಚಮಚ ತುಪ್ಪ ಬಿಟ್ಟರೆ ಅದೇ ಬಟ್ಟಲು ನಿಜವಾದ ಊಟವಾಗುತ್ತದೆ.

೫. ಉಣ್ಣಲಾಗದಾಗ

ಲೆಕ್ಕ ಹಾಕುವುದು ಸುಲಭ. ಉಣ್ಣುವುದು ರೋಗಿಗೆ ಕಷ್ಟ. 'ಉಣ್ಣು, ಉಣ್ಣು' ಎಂದು ಪೀಡಿಸುವುದರಿಂದ ಹಸಿವು ಹುಟ್ಟುವುದಿಲ್ಲ. ಕಷ್ಟವು ಯಾವುದೆಂದು ತಿಳಿದು ಅದಕ್ಕೆ ತಕ್ಕಂತೆ ಬಡಿಸಬೇಕು.

ವಾಕರಿಕೆಯಿದ್ದರೆ ಮೂರು ದೊಡ್ಡ ಊಟಗಳ ಬದಲು ಎರಡು ಎರಡೂವರೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದು ಲೇಸು. ಬಿಸಿ ಅಡಿಗೆಯ ಹಬೆ, ಒಗ್ಗರಣೆಯ ಘಾಟು ಇವುಗಳಿಂದ ವಾಕರಿಕೆ ಹೆಚ್ಚುತ್ತದೆ. ಆಗ ತಾನೇ ಮಾಡಿದ ಅಡಿಗೆಯನ್ನು ಮುಚ್ಚಿಟ್ಟು, ಬಿಸಿಯಾರಿದೊಡನೆ ಕೊಡಬಹುದು. ವಾಂತಿ ತಡೆಯುವ ಗುಳಿಗೆಯನ್ನು ವೈದ್ಯರು ಹೇಳಿದ ಹೊತ್ತಿಗೇ ಕೊಡತಕ್ಕದ್ದು. ವಾಂತಿಯಾದ ಮೇಲೆ ಹುಡುಕುವುದಲ್ಲ.

ಬಾಯಿ ಹುಣ್ಣಾಗಿದ್ದರೆ ಖಾರ, ಹುಳಿ, ಗರಿಗರಿಯಾದ ತಿಂಡಿ ಮತ್ತು ಬಿಸಿಬಿಸಿ ಪಾನೀಯಗಳನ್ನು ದೂರವಿಡಬೇಕು. ರಾಗಿ ಮಣ್ಣಿ, ಮೆತ್ತಗೆ ಬೆಂದ ಗಂಜಿ, ಬೇಯಿಸಿ ಕಿವಿಚಿದ ನೇಂದ್ರ ಬಾಳೆ, ನುಣ್ಣಗೆ ಕಲಸಿದ ಬೇಳೆಯನ್ನ, ಹಾಲಿನಲ್ಲಿ ನೆನೆಸಿದ ಅವಲಕ್ಕಿಯನ್ನು ಕುದಿಸಿ ಮಾಡಿದ ಪಾಯಸ ಇವು ಗಂಟಲಿನಲ್ಲಿ ಸುಲಭವಾಗಿ ಇಳಿಯುತ್ತವೆ. ಉಪ್ಪು ಮತ್ತು ಅಡಿಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ದಿನಕ್ಕೆ ಹಲವು ಬಾರಿ ಬಾಯಿ ಮುಕ್ಕಳಿಸುವುದು ಹಿತ. ಪ್ಲೇಟ್‌ಲೆಟ್ ಕಡಿಮೆಯಿರುವಾಗ ಹಲ್ಲುಜ್ಜುವ ಬ್ರಷ್ ಮೆತ್ತಗಿರಲಿ. ಚಕ್ಕುಲಿ, ಮೀನಿನ ಮುಳ್ಳು ಮೊದಲಾದವುಗಳಿಂದ ಒಸಡು ಗೀರದಂತೆ ನೋಡಿಕೊಳ್ಳಲಿ.

ಬೇಧಿಯಾದರೆ ನೀರೂ ಲವಣವೂ ಹೊರಟುಹೋಗುತ್ತವೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆಯನ್ನೂ ಅರ್ಧ ಚಹಾಚಮಚ ಉಪ್ಪನ್ನೂ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಿಗೆ ತಿಳಿಸಬೇಕು.

ಪ್ರತಿ ವಾರ ಒಂದೇ ದಿನ, ಒಂದೇ ತಕ್ಕಡಿಯಲ್ಲಿ ರೋಗಿಯ ತೂಕವನ್ನು ನೋಡಿ ಬರೆದಿಡಿ. ಆರು ತಿಂಗಳೊಳಗೆ ನೂರಕ್ಕೆ ಐದಕ್ಕಿಂತ ಹೆಚ್ಚು ತೂಕ ಇಳಿದರೆ ಅದು ಪೋಷಣೆಯ ಕೊರತೆಯ ಗುರುತು. ಒಂದು ವಾರಕ್ಕಿಂತ ಹೆಚ್ಚು ಕಾಲ ಏನನ್ನೂ ತಿನ್ನಲಾಗದಿದ್ದರೆ, ಇಲ್ಲವೆ ಒಂದೆರಡು ವಾರ ಬೇಕಾದುದರ ಅರ್ಧದಷ್ಟೂ ಹೋಗದಿದ್ದರೆ, ಮನೆಯಲ್ಲಿಯೇ ಕಾದು ಕುಳಿತುಕೊಳ್ಳಬಾರದು. ಮೂಗಿನ ಮೂಲಕ ಹೊಟ್ಟೆಗೆ ಕೊಳವೆಯಿಳಿಸಿ ಆಹಾರ ಕೊಡುವ ಕ್ರಮವುಂಟು. ಕರುಳು ಕೆಲಸ ಮಾಡದಿದ್ದರೆ ರಕ್ತನಾಳದ ಮೂಲಕ ಕೊಡುವ ಕ್ರಮವೂ ಉಂಟು. ಕೊಳವೆಯೆಂದರೆ ಕೊನೆಗಾಲವೆಂದು ಜನರು ಅಂಜುವುದುಂಟು. ಎಷ್ಟೋ ರೋಗಿಗಳಿಗೆ ಅದು ಕೆಲವು ವಾರಗಳ ಊರುಗೋಲು ಮಾತ್ರ.

೬. ಶುಚಿಯೇ ರಕ್ಷೆ

ಬಿಳಿಕಣಗಳು ಇಳಿದಿರುವಾಗ, ನಮಗೆ ಒಂದು ದಿನದ ಹೊಟ್ಟೆನೋವನ್ನಷ್ಟೇ ತರುವ ರೋಗಾಣುವು ಆ ರೋಗಿಯ ಪ್ರಾಣಕ್ಕೆ ಸಂಚಕಾರ ತರಬಲ್ಲುದು. ಆದುದರಿಂದಲೇ ಮೊದಲು ಅನೇಕ ಆಸ್ಪತ್ರೆಗಳಲ್ಲಿ ಹಸಿ ಹಣ್ಣು ತರಕಾರಿಗಳನ್ನು ಪೂರ್ತಿಯಾಗಿ ನಿಷೇಧಿಸುತ್ತಿದ್ದರು. ಈ ನಿಷೇಧದಿಂದ ಲಾಭವಿದೆಯೇ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ೨೦೦೮ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ರಕ್ತದ ಕ್ಯಾನ್ಸರಿನ ೧೫೩ ರೋಗಿಗಳಲ್ಲಿ ಕೆಲವರಿಗೆ ಬೇಯಿಸಿದುದನ್ನು ಮಾತ್ರ, ಉಳಿದವರಿಗೆ ಹಸಿ ಹಣ್ಣು ತರಕಾರಿಗಳನ್ನೂ ಸೇರಿಸಿ ಕೊಟ್ಟರು. ಕಠಿನವಾದ ಸೋಂಕುಗಳಲ್ಲಿ ಈ ಎರಡು ಗುಂಪುಗಳಿಗೂ ಗಣ್ಯವಾದ ವ್ಯತ್ಯಾಸ ಕಂಡುಬರಲಿಲ್ಲ. ೨೦೧೮ರಲ್ಲಿ ೧೫೦ ಮಕ್ಕಳ ಅಧ್ಯಯನವೊಂದೂ ಹೀಗೆಯೇ ತೋರಿಸಿತು. ಹಾಗಾದರೆ ಬೇಕಾದುದು ಹಣ್ಣನ್ನು ಬಿಡುವುದಲ್ಲ; ಹಣ್ಣನ್ನು ಶುಚಿಯಾಗಿ ಕೊಡುವುದು. ನಿಮ್ಮ ಆಸ್ಪತ್ರೆಯವರು ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ನಡೆಸತಕ್ಕದ್ದು. ಏಕೆಂದರೆ ರೋಗಿಯ ಸ್ಥಿತಿಯನ್ನು ಬಲ್ಲವರು ಅವರು.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು ಇವು.

ನೀರು: ಬಾವಿಯ ನೀರಾಗಲಿ ಸುರಂಗದ ನೀರಾಗಲಿ, ಕಣ್ಣಿಗೆ ಎಷ್ಟೇ ತಿಳಿಯಾಗಿ ಕಾಣಲಿ, ಕೊತಕೊತನೆ ಕುದಿಯಲಾರಂಭಿಸಿದ ಮೇಲೆ ಒಂದು ನಿಮಿಷವಾದರೂ ಕುದಿಸಿ, ಮುಚ್ಚಿಟ್ಟು ಆರಿಸಿ ಕುಡಿಸಬೇಕು. ಕುದಿಸಿದ ನೀರಿಗೆ ತಣ್ಣೀರು ಬೆರೆಸಿದರೆ ಕುದಿಸಿದ್ದು ವ್ಯರ್ಥ.

ಕೈ: ಅಡಿಗೆಗೆ ಮೊದಲು, ಬಡಿಸುವುದಕ್ಕೆ ಮೊದಲು, ಉಣ್ಣುವುದಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಇದಕ್ಕಿಂತ ಅಗ್ಗವಾದ ಮದ್ದು ಇನ್ನೊಂದಿಲ್ಲ.

ಹಣ್ಣು: ಚೆನ್ನಾಗಿ ತೊಳೆದು, ಸಿಪ್ಪೆ ಸುಲಿದು, ಆಗಿಂದಾಗ ಕೊಡಬೇಕು. ಕೊಯ್ದಿಟ್ಟ ಹಣ್ಣು, ಬೀದಿಯ ಹಣ್ಣಿನ ರಸ, ಐಸು ಬೇಡ.

ಹಸಿ ವಸ್ತು: ಕಾಯಿಸದ ಹಾಲು, ಅರೆಬೆಂದ ಮೊಟ್ಟೆ, ಪೂರ್ತಿ ಬೇಯದ ಮೀನು ಮಾಂಸಗಳನ್ನು ಕೊಡಲೇಬಾರದು. ನಮ್ಮ ಕಡೆಯ ತಂಬುಳಿಗಳನ್ನು ಹಸಿ ಎಲೆ, ಹಸಿ ತೆಂಗಿನಕಾಯಿ, ಮಜ್ಜಿಗೆಗಳಿಂದ ಮಾಡುವುದುಂಟಷ್ಟೆ. ಕಣಗಳು ಇಳಿದ ದಿನಗಳಲ್ಲಿ ಆ ಸೊಪ್ಪುಗಳನ್ನು ಬೇಯಿಸಿ ಸಾರು ಪಲ್ಯಗಳನ್ನಾಗಿ ಮಾಡುವುದು ಕ್ಷೇಮ. ಮೊಸರು ಮಜ್ಜಿಗೆಗಳ ವಿಷಯದಲ್ಲಿ ಆಸ್ಪತ್ರೆಯವರನ್ನು ಕೇಳಿ ನಡೆಯಬೇಕು.

ತಂಗಳು: ಅನ್ನದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯದ ಬೀಜಾಣುಗಳು ಬೇಯಿಸಿದರೂ ಸಾಯದೆ ಉಳಿಯುತ್ತವೆ. ಅನ್ನವು ಬೆಚ್ಚಗೆ ಹೊರಗಿದ್ದಷ್ಟು ಹೊತ್ತು ಅವು ಮೊಳೆತು ವಿಷವನ್ನುಂಟುಮಾಡುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷದಲ್ಲಿ ಒಂದು ಬಗೆಯದು ಹೋಗದು. ಆದುದರಿಂದ ಮಾಡಿದ ಅಡಿಗೆಯು ಹೊರಗೆ ಎರಡು ಗಂಟೆಗಿಂತ ಹೆಚ್ಚು ಕಾಲ, ಕಡುಬೇಸಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಕಾಲ ಇದ್ದರೆ ಅದು ರೋಗಿಗೆ ಸಲ್ಲದು.

ಪ್ರಸಾದ: ನೆಂಟರೂ ನೆರೆಯವರೂ ಪ್ರೀತಿಯಿಂದ ತೀರ್ಥಪ್ರಸಾದಗಳನ್ನು ತರುತ್ತಾರೆ. ರೋಗಿಯು ಅದನ್ನು ಕಣ್ಣಿಗೊತ್ತಿಕೊಂಡು ಮನೆಯವರಿಗೆ ಹಂಚಲಿ. ಇದರಿಂದ ಭಕ್ತಿಗೂ ಊನವಿಲ್ಲ, ಮೈಗೂ ಕೇಡಿಲ್ಲ.

೭. 'ರಕ್ತ ಹೆಚ್ಚಿಸುವ' ವಸ್ತುಗಳು

ಬೀಟ್‌ರೂಟು ಕೆಂಪಾಗಿರುವುದರಿಂದ ರಕ್ತ ಹೆಚ್ಚುವುದಿಲ್ಲ. ಆ ಬಣ್ಣಕ್ಕೂ ರಕ್ತದ ಬಣ್ಣಕ್ಕೂ ಸಂಬಂಧವಿಲ್ಲ. ದಾಳಿಂಬೆ, ಖರ್ಜೂರಗಳು ಒಳ್ಳೆಯ ಆಹಾರಗಳೇ. ಆದರೆ ಔಷಧಿಯಿಂದ ಬಳಲಿದ ಮಜ್ಜೆಯನ್ನು ನಾಲ್ಕು ದಿನಗಳಲ್ಲಿ ಎಬ್ಬಿಸಿ ನಿಲ್ಲಿಸುವ ಹಣ್ಣು ಯಾವುದೂ ಇಲ್ಲ. ಡೆಂಗಿ ಜ್ವರದಲ್ಲಿ ಜನರು ಕೊಡುವ ಪಪ್ಪಾಯಿ ಎಲೆಯ ಹಸಿರಸವನ್ನು ಈ ರೋಗಿಗಳಿಗೂ ಕೊಡುವ ರೂಢಿ ಬಂದಿದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವ ಕಾರಣ ಬೇರೆ, ಇಲ್ಲಿಯ ಕಾರಣ ಬೇರೆ. ಹಸಿ ಎಲೆಯನ್ನು ಅರೆದು ಹಿಂಡಿದ ರಸದಲ್ಲಿ ರೋಗಾಣುಗಳಿರಬಹುದು. ಬೇರುನಾರುಗಳ ಸಾರವು ಔಷಧಿಯೊಡನೆ ಕೂಡಿ ಯಕೃತ್ತಿಗೆ ಭಾರವಾಗಲೂಬಹುದು. ಕೊಡುವ ಮನಸ್ಸಿದ್ದರೆ ಮೊದಲು ವೈದ್ಯರಿಗೆ ತಿಳಿಸಿ ಕೇಳಬೇಕು.

ಕಬ್ಬಿಣದ ಗುಳಿಗೆಯೂ ಹಾಗೆಯೇ. ಇಲ್ಲಿ ರಕ್ತಹೀನತೆಗೆ ಕಬ್ಬಿಣದ ಕೊರತೆಯೇ ಕಾರಣವೆಂದು ಹೇಳಲಾಗದು. ಪದೇ ಪದೇ ರಕ್ತ ಏರಿಸಿಕೊಂಡವರ ಮೈಯಲ್ಲಿ ಕಬ್ಬಿಣವು ಅಗತ್ಯಕ್ಕಿಂತ ಹೆಚ್ಚಾಗಿಯೇ ಇರಬಹುದು. ಪರೀಕ್ಷೆಯ ಅನಂತರವೇ ಗುಳಿಗೆ. ಬಿಳಿಕಣಗಳನ್ನು ಬೇಗ ಏರಿಸಲು ಮಜ್ಜೆಯನ್ನು ಪ್ರಚೋದಿಸುವ ಚುಚ್ಚುಮದ್ದು ೧೯೯೧ರಿಂದ ಬಳಕೆಯಲ್ಲಿದೆ. ಬೇಕಾದವರಿಗೆ ವೈದ್ಯರು ಅದನ್ನು ಕೊಡುತ್ತಾರೆ.

೮. ಜ್ವರವೆಂಬ ಗಂಟೆ

ಈ ಪಾಠದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಕಿಮೊಥೆರಪಿ ಪಡೆದ ರೋಗಿಯ ಮೈಯ ಶಾಖವು ೧೦೦.೪ ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ ೩೮ ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿದರೆ, ಹಗಲಾಗಲಿ ಇರುಳಾಗಲಿ ತತ್‌ಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. 'ನಾಳೆ ಬೆಳಿಗ್ಗೆ ನೋಡೋಣ' ಎನ್ನಬಾರದು. ಬಿಳಿಕಣಗಳಿಲ್ಲದ ಮೈಯಲ್ಲಿ ಕೀವು, ಬಾವು ಮೊದಲಾದ ಗುರುತುಗಳು ಕಾಣಿಸವು. ಜ್ವರವೊಂದೇ ಎಚ್ಚರಿಕೆಯ ಗಂಟೆ. ವೈದ್ಯರನ್ನು ಕೇಳದೆ ಜ್ವರದ ಗುಳಿಗೆಯನ್ನು ಕೊಟ್ಟರೆ ಆ ಗಂಟೆಯ ನಾಲಗೆಯನ್ನು ಬಿಗಿದುಕಟ್ಟಿದಂತೆ. ಶಾಖ ಇಳಿದರೂ ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಚಳಿನಡುಕ, ಏದುಸಿರು, ಮಂಪರು, ನಿಲ್ಲದ ರಕ್ತಸ್ರಾವ ಇವು ಕಂಡರೂ ಹಾಗೆಯೇ ಧಾವಿಸಬೇಕು. ಮನೆಯಲ್ಲೊಂದು ಥರ್ಮಾಮೀಟರು, ಆಸ್ಪತ್ರೆಯ ದೂರವಾಣಿ ಸಂಖ್ಯೆ, ಔಷಧಿಯ ಚೀಟಿ ಇವು ಒಂದೇ ಕಡೆ ಕೈಗೆಟಕುವಂತೆ ಇರಲಿ.

೯. ಮಕ್ಕಳ ಕರ್ತವ್ಯ

ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಉಂಡರೆ, ಕೈ ಹಿಡಿದರೆ, ಅಪ್ಪಿಕೊಂಡರೆ ಅದು ನಮಗೆ ಬಾರದು. ತಟ್ಟೆಯನ್ನು ಬೇರೆಯಿಟ್ಟು, ಮೂಲೆಯ ಕೋಣೆಗೆ ತಳ್ಳಿ, ರೋಗಿಯ ಮನಸ್ಸನ್ನು ನೋಯಿಸುವುದು ಅಜ್ಞಾನ. ಅಪಾಯವಿರುವುದು ಅತ್ತಣಿಂದ ಇತ್ತಲ್ಲ, ಇತ್ತಣಿಂದ ಅತ್ತ. ಶಾಲೆಯಿಂದ ನೀವು ಹೊತ್ತುತರುವ ನೆಗಡಿ, ಕೆಮ್ಮು, ಸೀತಾಳೆ ಸಿಡುಬಿನಂತಹ ಸೋಂಕುಗಳು ರೋಗಿಗೆ ತಗಲಬಹುದು. ಆದುದರಿಂದ ಶಾಲೆಯಿಂದ ಬಂದೊಡನೆ ಕೈಕಾಲು ತೊಳೆದು ಬಟ್ಟೆ ಬದಲಿಸಿ. ನೆಗಡಿಯಾಗಿದ್ದರೆ ದೂರದಿಂದಲೇ ಮಾತನಾಡಿ. ತರಗತಿಯಲ್ಲಿ ಯಾರಿಗಾದರೂ ಕೋಟಲೆ ಬಂದಿದ್ದರೆ ಮನೆಯಲ್ಲಿ ತಿಳಿಸಿ.

ತೂಕವನ್ನೂ ಶಾಖವನ್ನೂ ಬರೆದಿಡುವುದು, ನೀರು ಕುದಿಸಿದ ಹೊತ್ತನ್ನು ನೋಡುವುದು, ಚೀಟಿಯನ್ನು ಓದಿ ಕನ್ನಡದಲ್ಲಿ ಹೇಳುವುದು, ಇವು ಶಾಲೆಯಲ್ಲಿ ಕಲಿತ ಲೆಕ್ಕಕ್ಕೂ ಓದಿಗೂ ಸಲ್ಲುವ ಒಳ್ಳೆಯ ಉಪಯೋಗಗಳು. ಅಮ್ಮಂದಿರಿಗೆ ಇನ್ನೊಂದು ಮಾತು. ಮನೆಯವರಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವುದು ನಮ್ಮ ಹೆಂಗಸರ ರೂಢಿ. ತಾಯಿಯೇ ರೋಗಿಯಾದಾಗಲಾದರೂ ಆ ರೂಢಿ ನಿಲ್ಲಲಿ. ಬಿಸಿಯಾದ ಮೊದಲ ಬಟ್ಟಲು ಆಕೆಯ ಮುಂದೆ ಬರಲಿ. ಪಥ್ಯವೆಂದರೆ ಬಿಡುವುದಲ್ಲ, ತಕ್ಕುದನ್ನು ತಕ್ಕಷ್ಟು ಶುಚಿಯಾಗಿ ಕೊಡುವುದು ಎಂಬುದನ್ನು ನಮ್ಮ ಮನೆಗಳು ಕಲಿತರೆ ಅದೇ ಈ ಪಾಠದ ಸಾರ್ಥಕತೆ.

ಅಭ್ಯಾಸ

೧. ಮಜ್ಜೆಯಲ್ಲಿ ಹುಟ್ಟುವ ಮೂರು ಬಗೆಯ ಕಣಗಳಾವುವು? ಕಿಮೊಥೆರಪಿಯಾದ ಮೇಲೆ ಮೊದಲು ಇಳಿಯುವವು ಯಾವುವು? ಏಕೆ?
೨. ಒಬ್ಬ ರೋಗಿಗೆ ಜೂನ್ ೧ರಂದು ಔಷಧಿ ಏರಿಸಿದರು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಮನೆಯವರು ಹೆಚ್ಚು ಎಚ್ಚರದಿಂದಿರಬೇಕು?
೩. ಚೀಟಿಯಲ್ಲಿ ಒಟ್ಟು ಬಿಳಿಕಣಗಳು ೨,೦೦೦ ಎಂದೂ, ಅವುಗಳಲ್ಲಿ ನ್ಯೂಟ್ರೊಫಿಲ್ ನೂರಕ್ಕೆ ೪೦ ಎಂದೂ ಇದೆ. ನ್ಯೂಟ್ರೊಫಿಲ್‌ಗಳ ಸಂಖ್ಯೆಯೆಷ್ಟು? ಅದು ಕೊರತೆಯೇ, ತೀವ್ರವಾದ ಕೊರತೆಯೇ?
೪. ಅಜ್ಜನ ತೂಕವು ನಾಲ್ಕು ತಿಂಗಳಲ್ಲಿ ೫೨ ಕಿಲೊದಿಂದ ೪೯ ಕಿಲೊಗೆ ಇಳಿಯಿತು. ನೂರಕ್ಕೆ ಎಷ್ಟು ಇಳಿದಂತಾಯಿತು? ಈಗ ಏನು ಮಾಡಬೇಕು?
೫. ನಿಮ್ಮ ಮನೆಯ ಅಡಿಗೆಯಿಂದ, ೬೦ ಗ್ರಾಮು ಪ್ರೋಟೀನು ದೊರೆಯುವಂತೆ ಒಂದು ದಿನದ ಊಟದ ಪಟ್ಟಿಯನ್ನು ತಾಯಿಯವರೊಡನೆ ಕುಳಿತು ಬರೆಯಿರಿ.